ಲಿನಕ್ಸ್ ಸರ್ವರ್‌ಗೆ ನೆಟ್ ಬರುತ್ತಿಲ್ಲವೇ? ಫೈಲ್ ಮುಟ್ಟುವ ಮೊದಲು ಕೇಬಲ್ ಹಿಡಿದು ಹೊರಡಿ

“ಸರ್ವರ್‌ಗೆ ನೆಟ್ ಬರ್ತಾ ಇಲ್ಲ. ಸೆಟ್ಟಿಂಗ್ ಎಲ್ಲಾ ಸರಿಯಾಗೇ ಇದೆ. ಏನ್ ಮಾಡ್ಲಿ?”

ಚಿಕ್ಕಮಗಳೂರಿನಲ್ಲಿ ಕೂತು ಸಣ್ಣಪುಟ್ಟ ಸರ್ವರ್‌ಗಳನ್ನು ನೋಡಿಕೊಳ್ಳುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಶಾಲೆಯ ಕಂಪ್ಯೂಟರ್ ಲ್ಯಾಬಿನಿಂದ, ಸಹಕಾರ ಸಂಘದ ಕಚೇರಿಯಿಂದ, ಎಸ್ಟೇಟ್ ಆಫೀಸಿನಿಂದ, ಹಾಸನದ ಸಣ್ಣ ಕಂಪನಿಗಳಿಂದ ಇದೇ ಮಾತು ಬರುತ್ತದೆ. ಫೋನ್ ಮಾಡುವ ಹೊತ್ತಿಗೆ ಹೆಚ್ಚಿನವರು ಕಾನ್ಫಿಗರೇಶನ್ ಫೈಲನ್ನು ಆಗಲೇ ನಾಲ್ಕೈದು ಸಲ ತಿದ್ದಿರುತ್ತಾರೆ. ಮೊದಲಿದ್ದ ಒಂದು ತೊಂದರೆಯ ಮೇಲೆ ತಿದ್ದುಪಡಿಯಿಂದ ಬಂದ ಮೂರು ತೊಂದರೆ ಸೇರಿಕೊಂಡಿರುತ್ತವೆ. ಆಮೇಲೆ ಯಾವುದು ಮೂಲ, ಯಾವುದು ನಾವೇ ಮಾಡಿಕೊಂಡದ್ದು ಎಂದು ಬಿಡಿಸುವುದೇ ದೊಡ್ಡ ಕೆಲಸ.

ಮಲೆನಾಡಿನವರಿಗೆ ಗುಡ್ಡದ ಝರಿಯಿಂದ ಮನೆಗೆ ಪೈಪ್ ಎಳೆದು ಗೊತ್ತು. ನೀರು ನಿಂತರೆ ನಲ್ಲಿ ತಿರುಗಿಸುತ್ತಾ ಕೂರುವುದಿಲ್ಲ, ಝರಿಯ ಬಾಯಿಂದಲೇ ಪೈಪಿನ ಜಾಡು ಹಿಡಿದು ಇಳಿದು ಬರುತ್ತೇವೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನೆಟ್‌ವರ್ಕ್ ಕಾರ್ಡಿನ ವಿಷಯದಲ್ಲೂ ಹಾಗೇ ಮಾಡಿ: ಕೇಬಲ್, ಕಾರ್ಡ್, ಡ್ರೈವರ್, ಹೆಸರು, ವಿಳಾಸ, ದಾರಿ, ಡಿಎನ್‌ಎಸ್. ಇದೇ ಕ್ರಮದಲ್ಲಿ ಹೋಗಿ, ಒಂದು ಮೆಟ್ಟಿಲು ಖಚಿತವಾಗದೆ ಮುಂದಿನದಕ್ಕೆ ಕಾಲಿಡಬೇಡಿ.

ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಶುರುಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಸರ್ವರ್‌ಗೆ ನೇರವಾಗಿ ಜೋಡಿಸಿದ ಮಾನಿಟರ್ ಮತ್ತು ಕೀಬೋರ್ಡ್ ಬೇಕೇ ಬೇಕು. ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದಿಂದ ನೆಟ್‌ವರ್ಕ್ ಮೇಲೆಯೇ ಒಳಗೆ ಹೋಗಿ ಅದೇ ನೆಟ್‌ವರ್ಕನ್ನು ರಿಪೇರಿ ಮಾಡಲು ಹೊರಟರೆ, ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ. ಕಾರ್ಡನ್ನು ಒಂದು ಸಲ ಡೌನ್ ಮಾಡಿದಿರೋ, ಮತ್ತೆ ಅಪ್ ಮಾಡಲು ನೀವೇ ಕೊಪ್ಪದಿಂದಲೋ ಬೇಲೂರಿನಿಂದಲೋ ಬಸ್ ಹತ್ತಬೇಕಾಗುತ್ತದೆ.

ಬೇರೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿರುವ ಒಂದು ಕೇಬಲ್ ಇರಲಿ. ಹೊಸ ಕೇಬಲ್ ಅಂದ ಮಾತ್ರಕ್ಕೆ ಒಳ್ಳೆಯ ಕೇಬಲ್ ಅಲ್ಲ, ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ ಕೇಬಲ್ಲೇ ಬೇಕು. ಒಂದು ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್, ಸಾಧ್ಯವಾದರೆ ಒಂದು ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಜೊತೆಗಿರಲಿ. ರೂಟ್ ಅಥವಾ ಸುಡೋ ಪಾಸ್‌ವರ್ಡ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡ್ ಗೊತ್ತಿರಬೇಕು. ರೂಟರಿನ ವಿಳಾಸ, ಅದು ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿ, ಸರ್ವರ್‌ಗೆ ಮೊದಲು ಇದ್ದ ವಿಳಾಸ, ಈ ಮೂರನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಈಗಿರುವ ಕಾನ್ಫಿಗರೇಶನ್ ಫೈಲಿನ ಒಂದು ಪ್ರತಿಯನ್ನು ರೂಟ್ ಬಳಕೆದಾರನ ಹೋಮ್ ಫೋಲ್ಡರಿಗೆ ತೆಗೆದಿಡಿ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಇಡಬೇಡಿ. ಉಬುಂಟುವಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ಪ್ಲಾನ್ ತನ್ನ ಫೋಲ್ಡರಿನಲ್ಲಿ ‘ಯಾಮಲ್’ ಎಂದು ಕೊನೆಯಾಗುವ ಎಲ್ಲ ಫೈಲುಗಳನ್ನೂ ಓದುತ್ತದೆ, ನಿಮ್ಮ ಹಳೆಯ ಪ್ರತಿಯೂ ಜಾರಿಯಾಗಿ ಕೂರುತ್ತದೆ.

1. ಕೇಬಲ್ ಮತ್ತು ದೀಪ

ಕಾರ್ಡಿನ ಹಿಂದೆ, ಕೇಬಲ್ ಸಿಕ್ಕಿಸುವ ತೂತಿನ ಪಕ್ಕ ಎರಡು ಪುಟ್ಟ ದೀಪಗಳಿರುತ್ತವೆ. ಸಾಮಾನ್ಯವಾಗಿ ಒಂದು ಕೊಂಡಿ ಸಿಕ್ಕಿದೆ ಎಂದು ಹೇಳುತ್ತದೆ, ಇನ್ನೊಂದು ಮಾಹಿತಿ ಓಡಾಡುವಾಗ ಮಿನುಗುತ್ತದೆ. ಎರಡೂ ಆರಿದ್ದರೆ ಫೈಲಿನಲ್ಲಿ ಏನು ಬರೆದರೂ ಪ್ರಯೋಜನವಿಲ್ಲ.

ಆದರೆ ಇಲ್ಲೇ ಒಂದು ಎಡವುವ ಜಾಗವಿದೆ. ಲಿನಕ್ಸ್ ಕಾರ್ಡನ್ನು ಡೌನ್ ಸ್ಥಿತಿಯಲ್ಲಿ ಇಟ್ಟಿದ್ದರೆ ಕೇಬಲ್ ಸರಿಯಿದ್ದರೂ ದೀಪ ಆರಿರಬಹುದು. ಅದಕ್ಕೇ ಮೊದಲು ‘ಐಪಿ ಹೈಫನ್ ಬಿಆರ್ ಲಿಂಕ್’ ಎಂದು ಕೊಟ್ಟು ಕಾರ್ಡುಗಳ ಪಟ್ಟಿ ನೋಡಿ. ‘ಎಲ್‌ಓ’ ಎಂಬುದು ಯಂತ್ರದ ಒಳಗಿನ ಕಾಲ್ಪನಿಕ ಕಾರ್ಡು, ಅದನ್ನು ಬಿಡಿ. ಉಳಿದದ್ದು ನಿಮ್ಮದು. ನಿಮ್ಮ ಕಾರ್ಡಿನ ಹೆಸರು ‘ಇಎನ್‌ಪಿ3ಎಸ್0’ ಎಂದಿಟ್ಟುಕೊಳ್ಳೋಣ. ಅದರ ಮುಂದೆ ‘ಡೌನ್’ ಎಂದಿದ್ದರೆ ‘ಐಪಿ ಲಿಂಕ್ ಸೆಟ್ ಇಎನ್‌ಪಿ3ಎಸ್0 ಅಪ್’ ಎಂದು ಎಬ್ಬಿಸಿ, ಹತ್ತು ಸೆಕೆಂಡ್ ಕಾಯಿರಿ, ಮತ್ತೆ ನೋಡಿ. ಈಗಲೂ ‘ನೋ ಕ್ಯಾರಿಯರ್’ ಎಂದು ತೋರಿಸಿದರೆ ತಂತಿಯ ಆ ತುದಿಯಿಂದ ಸಂಕೇತ ಬರುತ್ತಿಲ್ಲ ಎಂದರ್ಥ. ‘ಲೋಯರ್ ಅಪ್’ ಎಂದು ಕಂಡರೆ ತಂತಿ ಜೀವಂತವಾಗಿದೆ.

ಇನ್ನೂ ಖಚಿತ ಮಾಹಿತಿ ಬೇಕಾದರೆ ‘ಈಥ್‌ಟೂಲ್ ಇಎನ್‌ಪಿ3ಎಸ್0’ ಕೊಡಿ. ಕೊನೆಯ ಸಾಲಿನಲ್ಲಿ ‘ಲಿಂಕ್ ಡಿಟೆಕ್ಟೆಡ್’ ಎಸ್ಸೋ ನೋವೋ ಎಂದು ಇರುತ್ತದೆ. ಜೊತೆಗೆ ‘ಸ್ಪೀಡ್’ ಸಾಲನ್ನೂ ತಪ್ಪದೆ ಓದಿ. ಕಾರ್ಡು ಮತ್ತು ಸ್ವಿಚ್ ಎರಡೂ ಗಿಗಾಬಿಟ್ ಆಗಿದ್ದು, ಇಲ್ಲಿ 1000ದ ಬದಲು 100 ಎಂದು ತೋರಿಸಿದರೆ ಮೊದಲ ಅನುಮಾನ ಕೇಬಲ್ ಮೇಲೆ ಇರಲಿ. ಕೇಬಲ್ಲಿನ ಒಳಗೆ ನಾಲ್ಕು ಜೊತೆ, ಒಟ್ಟು 8 ತಂತಿಗಳಿರುತ್ತವೆ. 100 ಮೆಗಾಬಿಟ್ ವೇಗಕ್ಕೆ ಎರಡು ಜೊತೆ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಗಿಗಾಬಿಟ್‌ಗೆ ಮಾತ್ರ ಬೇಕಾದ ಜೊತೆಯ ಒಂದು ಎಳೆ ತುಂಡಾದರೆ ನೆಟ್ ಪೂರ್ತಿ ಹೋಗದೆ ನಿಧಾನವಾಗಿ ಓಡುತ್ತಾ ಇರಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಊರುಗಳಲ್ಲಿ ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡುವುದು ಮುಖ್ಯ. ಕಡೂರು, ಅರಸೀಕೆರೆ ಕಡೆ ಧೂಳು ತುಂಬಿರುತ್ತದೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮಳೆಗಾಲದ ತೇವ ಒಳಗಿಳಿದಿರುತ್ತದೆ. ಆ ಎಂಟು ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಹಸಿರು ಪುಡಿಯ ಹಾಗೆ ಕಿಲುಬು ಕೂತಿದ್ದರೆ ಒರೆಸಿ ಸಮಾಧಾನಪಟ್ಟುಕೊಳ್ಳಬೇಡಿ. ಆ ತುದಿಯನ್ನು ಕತ್ತರಿಸಿ ಹೊಸ ಪ್ಲಗ್ ಹಾಕಿ. ಲಿವರ್ ಮುರಿದ ಪ್ಲಗ್ಗೂ ಅಷ್ಟೇ. ಸಿಕ್ಕಿಸಿದಾಗ ‘ಟಕ್’ ಎನ್ನದಿದ್ದರೆ, ಮೇಜು ಅಲುಗಿದಾಗಲೆಲ್ಲ ಸಂಪರ್ಕ ಹೋಗಿ ಬರುತ್ತದೆ.

ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಬಂಗಲೆಯಿಂದ ಎಸ್ಟೇಟ್ ಆಫೀಸಿಗೆ, ಆಫೀಸಿನಿಂದ ಕಣದ ಪಕ್ಕದ ಗೋದಾಮಿಗೆ ಎಳೆದ ಕೇಬಲ್ ಅದನ್ನು ದಾಟಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ದೂರ ಕಡಿಮೆ ಇದ್ದರೂ ಎರಡು ಕಟ್ಟಡಗಳ ನಡುವೆ ಬಯಲಲ್ಲಿ ತಾಮ್ರ ಎಳೆಯಬೇಡಿ, ಆಪ್ಟಿಕಲ್ ಫೈಬರ್ ಹಾಕಿಸಿ. ಮಾರ್ಚ್‌ನಿಂದ ಮೇವರೆಗೆ ಹೂಮಳೆಯ ಜೊತೆ ಬರುವ ಗುಡುಗು ಸಿಡಿಲು ಆ ತಂತಿಯ ಮೂಲಕವೇ ಒಳಗೆ ಬಂದು ಸ್ವಿಚ್ಚನ್ನೂ ಕಾರ್ಡನ್ನೂ ಒಟ್ಟಿಗೆ ಸುಡುತ್ತದೆ. ಕರೆಂಟಿನ ಪ್ಲಗ್ ಮಾತ್ರ ತೆಗೆದು ನೆಟ್‌ವರ್ಕ್ ಕೇಬಲ್ ಹಾಗೇ ಬಿಟ್ಟವರ ಸರ್ವರ್‌ಗಳು ಸುಟ್ಟದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಸಿಡಿಲಿನ ಸೂಚನೆ ಕಂಡರೆ ಎರಡನ್ನೂ ತೆಗೆಯಿರಿ.

ಒಂದಕ್ಕಿಂತ ಹೆಚ್ಚು ಪೋರ್ಟ್ ಇರುವ ಸರ್ವರ್‌ನಲ್ಲಿ ಯಾವ ತೂತಿಗೆ ಯಾವ ಹೆಸರು ಎಂದು ಊಹಿಸಬೇಡಿ. ‘ಈಥ್‌ಟೂಲ್ ಹೈಫನ್ ಪಿ ಇಎನ್‌ಪಿ3ಎಸ್0 15’ ಎಂದು ಕೊಟ್ಟರೆ, ಡ್ರೈವರ್ ಒಪ್ಪಿದಲ್ಲಿ, ಆ ಪೋರ್ಟಿನ ದೀಪ 15 ಸೆಕೆಂಡ್ ಮಿನುಗುತ್ತದೆ. ಹಿಂದೆ ಹೋಗಿ ನೋಡಿ, ಪೋರ್ಟಿನ ಮೇಲೆ ಚೀಟಿ ಅಂಟಿಸಿ.

2. ಯಂತ್ರಕ್ಕೆ ಕಾರ್ಡ್ ಕಾಣುತ್ತಿದೆಯೇ?

ಮೊದಲ ಹಂತದ ಪಟ್ಟಿಯಲ್ಲಿ ‘ಎಲ್‌ಓ’ ಬಿಟ್ಟು ಬೇರೇನೂ ಇಲ್ಲದಿದ್ದರೆ ಈ ಹಂತ ನಿಮಗೆ. ‘ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ’ ಕೊಟ್ಟು ‘ಈಥರ್ನೆಟ್ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಸಾಲೇ ಇಲ್ಲವೆಂದರೆ ಸಮಸ್ಯೆ ಲಿನಕ್ಸಿನದಲ್ಲ. ಯಂತ್ರ ಆಫ್ ಮಾಡಿ, ಪವರ್ ಕೇಬಲ್ ತೆಗೆದು ಒಂದೆರಡು ನಿಮಿಷ ಬಿಡಿ, ಕಾರ್ಡನ್ನು ಸ್ಲಾಟಿನಿಂದ ತೆಗೆದು ಮತ್ತೆ ಭದ್ರವಾಗಿ ಕೂರಿಸಿ. ಮದರ್‌ಬೋರ್ಡಿನಲ್ಲೇ ಇರುವ ಕಾರ್ಡಾದರೆ ಬಯೋಸ್ ಒಳಗೆ ಹೋಗಿ ಅದು ಡಿಸೇಬಲ್ ಆಗಿದೆಯೇ ನೋಡಿ. ಬಯೋಸ್ ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ ಸೆಟ್ಟಿಂಗ್ ಅಳಿಸಿಹೋಗಿರುವುದೂ ಉಂಟು. ಅಲ್ಲೂ ಸರಿಯಿದ್ದು ಕಾರ್ಡ್ ಕಾಣದಿದ್ದರೆ ಅದು ಸತ್ತಿದೆ, ಬದಲಿಸಿ.

ಸಾಲು ಇದ್ದರೆ ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬುದನ್ನು ನೋಡಿ. ಡ್ರೈವರ್ ಎಂದರೆ ಲಿನಕ್ಸಿನ ತಿರುಳಾದ ಕರ್ನಲ್‌ಗೂ ಕಾರ್ಡಿಗೂ ನಡುವೆ ಮಾತು ದಾಟಿಸುವ ತಂತ್ರಾಂಶ. ರಿಯಲ್‌ಟೆಕ್‌ನ ಸಾಮಾನ್ಯ ಗಿಗಾಬಿಟ್ ಕಾರ್ಡುಗಳಿಗೆ ‘ಆರ್8169’, ಇಂಟೆಲ್‌ನವಕ್ಕೆ ‘ಇ1000ಇ’ ಅಥವಾ ‘ಐಜಿಬಿ’, ಬ್ರಾಡ್‌ಕಾಮ್‌ನ ಹಲವು ಸರ್ವರ್ ಕಾರ್ಡುಗಳಿಗೆ ‘ಟಿಜಿ3’ ಅಥವಾ ‘ಬಿಎನ್‌ಎಕ್ಸ್2’ ಇರುತ್ತದೆ. ಆ ಸಾಲು ಇಲ್ಲದಿದ್ದರೆ ಡ್ರೈವರ್ ಹತ್ತಿಲ್ಲ.

ಏಕೆ ಹತ್ತಿಲ್ಲ ಎಂದು ಕರ್ನಲ್ಲೇ ಹೇಳುತ್ತದೆ. ‘ಜರ್ನಲ್‌ಸಿಟಿಎಲ್ ಹೈಫನ್ ಕೆ ಹೈಫನ್ ಬಿ’ ಕೊಟ್ಟು ಡ್ರೈವರಿನ ಹೆಸರು ಹುಡುಕಿ. ‘ಫರ್ಮ್‌ವೇರ್’ ಸಿಗಲಿಲ್ಲ ಎಂಬ ಮಾತು ಕಂಡರೆ, ಕಾರ್ಡಿನ ಒಳಗೆ ಓಡಬೇಕಾದ ಪುಟ್ಟ ತಂತ್ರಾಂಶದ ಫೈಲ್ ನಿಮ್ಮ ಡಿಸ್ಕಿನಲ್ಲಿಲ್ಲ. ಹಳೆಯ ಡೆಬಿಯನ್‌ಗಳಲ್ಲಿ ಇದು ದಿನನಿತ್ಯದ ಕಷ್ಟವಾಗಿತ್ತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಈ ಫೈಲುಗಳು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಬರುತ್ತಿವೆ. ನಿಮ್ಮದು ಹಳೆಯದಾದರೆ ಬೇರೆ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ.

ನಿನ್ನೆವರೆಗೆ ಚೆನ್ನಾಗಿದ್ದು, ಅಪ್‌ಡೇಟ್ ಆದ ಮೇಲೆ ಹೋಯಿತು ಎಂದರೆ ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ. ಅದರಲ್ಲಿ ನೆಟ್ ಬಂದರೆ ತಪ್ಪು ಹೊಸ ಕರ್ನಲ್‌ಗೆ ಸಿದ್ಧವಾಗದ ಡ್ರೈವರಿನದು. ತಯಾರಕರ ವೆಬ್‌ಸೈಟಿನಿಂದ ಕೈಯಾರೆ ಹಾಕಿದ ಡ್ರೈವರ್‌ಗಳಲ್ಲಿ ಇದು ಹೆಚ್ಚು. ಕರ್ನಲ್ ಜೊತೆಗೇ ಬರುವ ಡ್ರೈವರ್ ಕೆಲಸ ಮಾಡುವಂತಿದ್ದರೆ ಅದನ್ನೇ ಬಳಸಿ ಎಂಬುದು ನನ್ನ ಖಡಾಖಂಡಿತ ಸಲಹೆ.

3. ಕಾರ್ಡಿನ ಹೆಸರು ಬದಲಾಗಿದೆಯೇ?

ನನಗೆ ಬರುವ ಫೋನ್‌ಗಳಲ್ಲಿ ಬಹುಪಾಲು ಇಲ್ಲೇ ಬಗೆಹರಿಯುತ್ತವೆ. ಕೇಬಲ್ ಸರಿ, ದೀಪ ಉರಿಯುತ್ತಿದೆ, ಡ್ರೈವರ್ ಇದೆ, ಫೈಲ್ ಮುಟ್ಟಿಯೇ ಇಲ್ಲ, ಆದರೂ ನೆಟ್ ಇಲ್ಲ.

ಹಿಂದೆ ಕಾರ್ಡುಗಳಿಗೆ ‘ಇಟಿಎಚ್0’, ‘ಇಟಿಎಚ್1’ ಎಂಬ ಹೆಸರಿದ್ದವು. ಕರ್ನಲ್‌ಗೆ ಯಾವುದು ಮೊದಲು ಸಿಕ್ಕಿತೋ ಅದು 0. ಎರಡು ಕಾರ್ಡಿದ್ದರೆ ಬೂಟಿನಿಂದ ಬೂಟಿಗೆ ಹೆಸರು ಅದಲುಬದಲಾಗುತ್ತಿತ್ತು. ಇದನ್ನು ತಪ್ಪಿಸಲು ಯಂತ್ರ ಶುರುವಾಗುವಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ 2013ರಲ್ಲಿ ಹೊಸ ಪದ್ಧತಿ ತಂದಿತು. ಕಾರ್ಡು ಯಂತ್ರದಲ್ಲಿ ಎಲ್ಲಿ ಕೂತಿದೆಯೋ ಅದರ ಮೇಲೆ ಹೆಸರು. ‘ಇಎನ್’ ಎಂದರೆ ಈಥರ್ನೆಟ್, ‘ಪಿ3’ ಎಂದರೆ ಪಿಸಿಐ ಬಸ್ (ಕಾರ್ಡುಗಳನ್ನು ಯಂತ್ರಕ್ಕೆ ಜೋಡಿಸುವ ಒಳದಾರಿ) ಸಂಖ್ಯೆ 3, ‘ಎಸ್0’ ಎಂದರೆ ಅಲ್ಲಿನ ಸ್ಲಾಟ್ 0. ಮದರ್‌ಬೋರ್ಡಿನದಾದರೆ ‘ಇಎನ್‌ಓ1’ ಎಂಬಂಥ ಹೆಸರು ಬರುತ್ತದೆ.

ಜಾಗದಿಂದ ಹೆಸರು ಬಂದಿರುವುದರಿಂದ ಜಾಗದ ಎಣಿಕೆ ಬದಲಾದರೆ ಹೆಸರೂ ಬದಲಾಗುತ್ತದೆ. ಒಂದು ಕಚೇರಿಯಲ್ಲಿ ಸರ್ವರ್‌ಗೆ ಹೊಸ ಎನ್‌ವಿಎಂಇ ಡಿಸ್ಕ್ ಹಾಕಿದ್ದರು. ನೆಟ್‌ವರ್ಕ್ ಕಾರ್ಡಿನ ಹತ್ತಿರ ಯಾರೂ ಹೋಗಿರಲಿಲ್ಲ. ಆದರೆ ಆ ಡಿಸ್ಕ್ ಪಿಸಿಐ ಸಾಲಿನಲ್ಲಿ ನಡುವೆ ಬಂದು ಕೂತಿತು, ಕಾರ್ಡಿನ ಬಸ್ ಸಂಖ್ಯೆ 3ರಿಂದ 4ಕ್ಕೆ ಜಾರಿತು, ‘ಇಎನ್‌ಪಿ3ಎಸ್0’ ಹೋಗಿ ‘ಇಎನ್‌ಪಿ4ಎಸ್0’ ಆಯಿತು. ಫೈಲಿನಲ್ಲಿ ಹಳೆಯ ಹೆಸರೇ ಇತ್ತು. ಇಲ್ಲದ ಕಾರ್ಡಿಗೆ ಸರ್ವರ್ ವಿಳಾಸ ಕೊಡಲು ಕಾಯುತ್ತಿತ್ತು, ಇರುವ ಕಾರ್ಡಿಗೆ ವಿಳಾಸವೇ ಇರಲಿಲ್ಲ.

ಪರೀಕ್ಷೆ ಸುಲಭ. ‘ಐಪಿ ಹೈಫನ್ ಬಿಆರ್ ಲಿಂಕ್’ ತೋರಿಸುವ ಹೆಸರನ್ನೂ ಫೈಲಿನಲ್ಲಿರುವ ಹೆಸರನ್ನೂ ಅಕ್ಷರ ಅಕ್ಷರ ಹೋಲಿಸಿ. ‘ಇಎನ್‌ಓ1’ರ ಓ ಅಕ್ಷರವನ್ನು ಸೊನ್ನೆ ಎಂದು ಬರೆದವರನ್ನೂ, ಒಂದನ್ನು ‘ಎಲ್’ ಎಂದು ಓದಿದವರನ್ನೂ ನೋಡಿದ್ದೇನೆ. ಕಣ್ಣಿನಿಂದ ನೋಡಿ ಬರೆಯುವ ಬದಲು ನಕಲಿಸಿ.

ಮುಂದೆಂದೂ ಹೀಗಾಗದಿರಲು ಹೆಸರನ್ನು ಮ್ಯಾಕ್ ವಿಳಾಸಕ್ಕೆ ಕಟ್ಟಿ. ಮ್ಯಾಕ್ ಎಂದರೆ ಕಾರ್ಖಾನೆಯಲ್ಲೇ ಕಾರ್ಡಿಗೆ ಬರೆದ ಗುರುತಿನ ಸಂಖ್ಯೆ, ಎರಡೆರಡು ಅಕ್ಷರಗಳ ಆರು ಗುಂಪು. ನೆಟ್‌ಪ್ಲಾನ್‌ನಲ್ಲಿ ಕಾರ್ಡಿನ ಕೆಳಗೆ ‘ಮ್ಯಾಚ್’ ಎಂದು ಬರೆದು ಅದರೊಳಗೆ ‘ಮ್ಯಾಕ್‌ಅಡ್ರೆಸ್’ ಕೊಡಿ, ಪಕ್ಕದಲ್ಲೇ ‘ಸೆಟ್ ಹೈಫನ್ ನೇಮ್’ ಎಂದು ನಿಮ್ಮ ಇಷ್ಟದ ಹೆಸರು ಕೊಡಿ. ‘ಲ್ಯಾನ್0’ ಎಂದಿಡಬಹುದು. ‘ಇಟಿಎಚ್0’ ಎಂದು ಮಾತ್ರ ಇಡಬೇಡಿ, ಕರ್ನಲ್ ತಾನು ಕೊಡುವ ಹೆಸರಿನ ಜೊತೆ ತಾಕಲಾಟವಾಗುತ್ತದೆ.

4. ಈ ಯಂತ್ರದ ನೆಟ್‌ವರ್ಕ್ ಯಾರ ಕೈಯಲ್ಲಿದೆ?

ತಪ್ಪು ಫೈಲನ್ನು ಎಷ್ಟು ಶ್ರದ್ಧೆಯಿಂದ ತಿದ್ದಿದರೂ ಫಲವಿಲ್ಲ. ಉಬುಂಟು ಸರ್ವರ್ 18.04ರಿಂದ ಈಚೆಗೆ ನೆಟ್‌ಪ್ಲಾನ್ ಬಳಸುತ್ತದೆ, ಫೈಲುಗಳು ಇಟಿಸಿ ಫೋಲ್ಡರಿನ ಒಳಗೆ ‘ನೆಟ್‌ಪ್ಲಾನ್’ ಫೋಲ್ಡರಿನಲ್ಲಿ. ಡೆಬಿಯನ್ ಸರ್ವರ್‌ನಲ್ಲಿ ಸಾಮಾನ್ಯವಾಗಿ ಇಟಿಸಿಯ ‘ನೆಟ್‌ವರ್ಕ್’ ಫೋಲ್ಡರಿನ ‘ಇಂಟರ್‌ಫೇಸಸ್’ ಫೈಲು. ರೆಡ್‌ಹ್ಯಾಟ್, ಆಲ್ಮಾ, ರಾಕಿ ಇವುಗಳಲ್ಲಿ ನೆಟ್‌ವರ್ಕ್ ಮ್ಯಾನೇಜರ್, ಅದರ ಆಜ್ಞೆ ‘ಎನ್‌ಎಂಸಿಎಲ್‌ಐ’. ಹಳೆಯ ಲೇಖನ ನೋಡಿ ಉಬುಂಟುವಿನಲ್ಲಿ ‘ಇಂಟರ್‌ಫೇಸಸ್’ ಫೈಲ್ ಹೊಸದಾಗಿ ಸೃಷ್ಟಿಸಿ, ಅದನ್ನು ಯಾರೂ ಓದದಿದ್ದಕ್ಕೆ ತಲೆ ಕೆಡಿಸಿಕೊಂಡವರು ಬಹಳ.

ಉಬುಂಟುವಿನಲ್ಲಿ ಇನ್ನೊಂದು ಹೊಂಚು ಇದೆ. ‘50 ಕ್ಲೌಡ್ ಇನಿಟ್’ ಎಂಬ ಹೆಸರಿನ ಫೈಲು ಕಂಡರೆ ಅದನ್ನು ಬರೆದದ್ದು ಕ್ಲೌಡ್ ಇನಿಟ್ ಎಂಬ ಸೇವೆ. ನೀವು ತಿದ್ದಿದ್ದನ್ನು ಅದು ಮುಂದೊಂದು ಬೂಟಿನಲ್ಲಿ ಅಳಿಸಿ ತನ್ನದನ್ನು ಬರೆಯಬಹುದು. ಆ ಫೈಲಿನ ತಲೆಯಲ್ಲೇ ಅದನ್ನು ನಿಲ್ಲಿಸುವ ಬಗೆಯನ್ನು ಬರೆದಿರುವುದು ಸಾಮಾನ್ಯ. ಓದಿ, ಹಾಗೇ ಮಾಡಿ, ನಿಮ್ಮದನ್ನು ಬೇರೆ ಫೈಲಿನಲ್ಲಿ ಇಡಿ.

5. ವಿಳಾಸ

ಫೈಲ್ ಬರೆಯುವ ಮೊದಲು ತಾತ್ಕಾಲಿಕವಾಗಿ ಕೊಟ್ಟು ನೋಡಿ. ‘ಐಪಿ ಅಡ್ರ್ ಆಡ್ 192.168.1.10/24 ಡೆವ್ ಇಎನ್‌ಪಿ3ಎಸ್0’ ಎಂದರೆ ವಿಳಾಸ ಈಗಲೇ ಕೂರುತ್ತದೆ, ರೀಬೂಟ್ ಮಾಡಿದರೆ ಹೋಗುತ್ತದೆ. ಆಮೇಲೆ ರೂಟರನ್ನು ಪಿಂಗ್ ಮಾಡಿ, ಅಂದರೆ ‘ಪಿಂಗ್’ ಎಂದು ಬರೆದು ಮುಂದೆ ಅದರ ವಿಳಾಸ ಕೊಟ್ಟು ಉತ್ತರ ಬರುತ್ತದೆಯೇ ನೋಡಿ. ಉತ್ತರ ಬಂದರೆ ಕಾರ್ಡ್, ಕೇಬಲ್, ಸ್ವಿಚ್ ಎಲ್ಲ ಸರಿ, ತಪ್ಪು ಫೈಲಿನಲ್ಲೇ ಇದೆ ಎಂದು ಖಾತ್ರಿಯಾಯಿತು. ಬರದಿದ್ದರೆ ಫೈಲನ್ನು ದೂರಬೇಡಿ, ಹಿಂದಿನ ಹಂತಗಳಿಗೆ ಮರಳಿ. ಈ ಒಂದೇ ಪರೀಕ್ಷೆ ಗಂಟೆಗಟ್ಟಲೆ ಸಮಯ ಉಳಿಸುತ್ತದೆ.

ಆ ‘/24’ ಮರೆಯಬೇಡಿ. ವಿಳಾಸದ ಮೊದಲ 24 ಬಿಟ್‌ಗಳು, ಅಂದರೆ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವವರೆಲ್ಲ ನನ್ನ ಬೀದಿಯವರು ಎಂದು ಅದು ಯಂತ್ರಕ್ಕೆ ಹೇಳುತ್ತದೆ. ‘ಐಪಿ’ ಆಜ್ಞೆಯಲ್ಲಿ ಅದನ್ನು ಬಿಟ್ಟರೆ ‘/32’ ಎಂದಾಗುತ್ತದೆ. ಆಗ ಯಂತ್ರ ಬೀದಿಯಲ್ಲಿ ತಾನೊಬ್ಬನೇ ಇದ್ದೇನೆ ಎಂದುಕೊಳ್ಳುತ್ತದೆ, ಪಕ್ಕದಲ್ಲೇ ಇರುವ ರೂಟರ್ ಸಿಗುವುದಿಲ್ಲ.

ಎರಡನೆಯದು ವಿಳಾಸದ ಘರ್ಷಣೆ. ರೂಟರ್ 100ರಿಂದ 200ರವರೆಗೆ ತಾನೇ ಹಂಚುತ್ತಿರುವಾಗ ನೀವು ಸರ್ವರ್‌ಗೆ 150 ಕೊಟ್ಟರೆ, ಒಂದು ದಿನ ಯಾರದೋ ಮೊಬೈಲಿಗೂ ಅದೇ 150 ಸಿಗಬಹುದು. ಬೆಳಿಗ್ಗೆ ಸರಿಯಿರುತ್ತದೆ, ಎಲ್ಲರೂ ಕೆಲಸಕ್ಕೆ ಬಂದ ಮೇಲೆ ಹೋಗುತ್ತದೆ. ಇಂಥ ಬಂದು ಹೋಗುವ ತೊಂದರೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಸರ್ವರಿನ ಕೇಬಲ್ ತೆಗೆದು, ಅದೇ ನೆಟ್‌ವರ್ಕಿನಲ್ಲಿರುವ ಲಿನಕ್ಸ್ ಲ್ಯಾಪ್‌ಟಾಪಿನಿಂದ ಆ ವಿಳಾಸವನ್ನು ಪಿಂಗ್ ಮಾಡಿ, ತಕ್ಷಣ ‘ಐಪಿ ನೇ’ (ಎನ್‌ಇಐಜಿಎಚ್) ಕೊಡಿ. ಪಿಂಗ್‌ಗೆ ಉತ್ತರ ಬರದಿದ್ದರೂ ಆ ವಿಳಾಸದ ಮುಂದೆ ಸರ್ವರಿನದಲ್ಲದ ಒಂದು ಮ್ಯಾಕ್ ಕಂಡರೆ ಬೇರೆ ಯಾರೋ ಆ ಜಾಗದಲ್ಲಿ ಕೂತಿದ್ದಾರೆ. ಸರ್ವರ್‌ಗೆ ಯಾವತ್ತೂ ರೂಟರ್ ಹಂಚುವ ವ್ಯಾಪ್ತಿಯ ಹೊರಗಿನ ವಿಳಾಸ ಕೊಡಿ.

ವರ್ಚುವಲ್ ಯಂತ್ರಗಳನ್ನು ನಕಲು ಮಾಡಿಕೊಂಡವರಿಗೆ ಒಂದು ಮಾತು: ಎರಡಕ್ಕೂ ಒಂದೇ ವಿಳಾಸ ಸಿಗುತ್ತಿದ್ದರೆ ಇಟಿಸಿಯ ‘ಮೆಷಿನ್ ಹೈಫನ್ ಐಡಿ’ ಫೈಲ್ ಎರಡರಲ್ಲೂ ಒಂದೇ ಆಗಿದೆಯೇ ನೋಡಿ. ನೆಟ್‌ಪ್ಲಾನ್‌ನಲ್ಲಿ ‘ಡಿಎಚ್‌ಸಿಪಿ ಹೈಫನ್ ಐಡೆಂಟಿಫೈಯರ್’ಗೆ ‘ಮ್ಯಾಕ್’ ಎಂದು ಕೊಟ್ಟರೆ ಬಗೆಹರಿಯುತ್ತದೆ (ಡಿಎಚ್‌ಸಿಪಿ ಎಂದರೆ ರೂಟರ್ ತಾನಾಗಿ ವಿಳಾಸ ಹಂಚುವ ಪದ್ಧತಿ).

ಇನ್ನು ನೆಟ್‌ಪ್ಲಾನ್ ಫೈಲ್. ಅದು ಯಾಮಲ್ ಶೈಲಿಯದು, ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅಲ್ಲಿ ಅರ್ಥವಿದೆ. ‘ನೆಟ್‌ವರ್ಕ್’ ಎಡ ಅಂಚಿನಲ್ಲಿ. ಅದರೊಳಗೆ ಎರಡು ಸ್ಪೇಸ್ ಬಿಟ್ಟು ‘ವರ್ಶನ್ 2’, ಅದೇ ನೇರದಲ್ಲಿ ‘ಈಥರ್ನೆಟ್ಸ್’. ಅದರೊಳಗೆ ಇನ್ನೆರಡು ಸ್ಪೇಸ್ ಬಿಟ್ಟು ಕಾರ್ಡಿನ ಹೆಸರು. ಇನ್ನೂ ಎರಡು ಸ್ಪೇಸ್ ಒಳಗೆ ‘ಅಡ್ರೆಸಸ್’, ‘ರೂಟ್ಸ್’, ‘ನೇಮ್‌ಸರ್ವರ್ಸ್’. ಟ್ಯಾಬ್ ಕೀ ಒತ್ತಲೇಬೇಡಿ, ಯಾಮಲ್ ಅದನ್ನು ಒಪ್ಪುವುದಿಲ್ಲ. ಈ ಹೆಸರುಗಳ ಮುಂದೆ ಹಾಕುವ ಕೋಲನ್ ಚಿಹ್ನೆಯ ನಂತರ ಅದೇ ಸಾಲಿನಲ್ಲಿ ಏನಾದರೂ ಬರೆದರೆ ನಡುವೆ ಒಂದು ಸ್ಪೇಸ್ ಇರಲೇಬೇಕು. ಹಳೆಯ ಲೇಖನಗಳಲ್ಲಿ ಕಾಣುವ ‘ಗೇಟ್‌ವೇ4’ ಎಂಬ ಸಾಲು ಈಗ ಬಳಕೆಯಿಂದ ಹೊರಬಿದ್ದಿದೆ. ಬದಲಿಗೆ ‘ರೂಟ್ಸ್’ ಕೆಳಗೆ ‘ಟು ಡಿಫಾಲ್ಟ್’, ‘ವಯಾ 192.168.1.1’ ಎಂದು ಬರೆಯಿರಿ.

ಬರೆದ ಮೇಲೆ ‘ನೆಟ್‌ಪ್ಲಾನ್ ಅಪ್ಲೈ’ಗೆ ಕೈ ಹಾಕಬೇಡಿ. ‘ನೆಟ್‌ಪ್ಲಾನ್ ಟ್ರೈ’ ಕೊಡಿ. ಅದು ಹೊಸದನ್ನು ಜಾರಿ ಮಾಡಿ 120 ಸೆಕೆಂಡ್ ಕಾಯುತ್ತದೆ. ನೀವು ಎಂಟರ್ ಒತ್ತದಿದ್ದರೆ ಹಳೆಯದಕ್ಕೇ ಮರಳುತ್ತದೆ. ದೂರದಿಂದ ಕೆಲಸ ಮಾಡುವ ಅನಿವಾರ್ಯ ಬಂದವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ.

6. ದಾರಿ

‘ಐಪಿ ರೂಟ್’ ಕೊಡಿ. ‘ಡಿಫಾಲ್ಟ್ ವಯಾ’ ಎಂದು ಶುರುವಾಗುವ ಒಂದು ಸಾಲು ಇರಬೇಕು. ಬೀದಿಯ ಆಚೆಗೆ ಹೋಗುವ ಎಲ್ಲಕ್ಕೂ ಅದೇ ಬಾಗಿಲು, ಅಂದರೆ ಗೇಟ್‌ವೇ. ಸಾಲೇ ಇಲ್ಲದಿದ್ದರೆ ಒಳಗಿನ ಕಂಪ್ಯೂಟರ್‌ಗಳು ಸಿಗುತ್ತವೆ, ಇಂಟರ್‌ನೆಟ್ ಸಿಗುವುದಿಲ್ಲ.

ಎರಡು ಡಿಫಾಲ್ಟ್ ಸಾಲುಗಳಿದ್ದರೆ ಅದೂ ತೊಂದರೆಯೇ. ಎರಡು ಕಾರ್ಡಿನ ಸರ್ವರ್‌ನಲ್ಲಿ ಒಂದು ಇಂಟರ್‌ನೆಟ್‌ಗೆ, ಇನ್ನೊಂದು ಒಳಗಿನ ಕ್ಯಾಮೆರಾ ಅಥವಾ ಲ್ಯಾಬಿಗೆ ಇರುತ್ತದೆ. ಎರಡಕ್ಕೂ ಗೇಟ್‌ವೇ ಬರೆದರೆ, ಯಾವ ದಾರಿಗೆ ಆದ್ಯತೆ ಎಂದು ಹೇಳುವ ಮೆಟ್ರಿಕ್ ಸಂಖ್ಯೆ ಕಡಿಮೆ ಇರುವ ಕಡೆಗೆ ಎಲ್ಲವೂ ಹೋಗುತ್ತದೆ, ಅದು ಇಂಟರ್‌ನೆಟ್ ಇಲ್ಲದ ಕಡೆಯೂ ಆಗಿರಬಹುದು. ಒಳಗಿನ ಕಾರ್ಡಿಗೆ ವಿಳಾಸ ಮಾತ್ರ ಕೊಡಿ, ಗೇಟ್‌ವೇ ಬೇಡ. ಎರಡೂ ಕಾರ್ಡಿಗೆ ಒಂದೇ 192.168.1 ಸರಣಿಯ ವಿಳಾಸ ಕೊಡುವುದೂ ಬೇಡ.

7. ಡಿಎನ್‌ಎಸ್

ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಆದರೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ಅಪ್‌ಡೇಟ್ ಆಗುವುದಿಲ್ಲ ಎಂದರೆ ಹೆಸರನ್ನು ಸಂಖ್ಯೆಗೆ ಬದಲಿಸಿ ಹೇಳುವ ಡಿಎನ್‌ಎಸ್ ಸಿಗುತ್ತಿಲ್ಲ. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ನಿಮ್ಮ ಕಾರ್ಡಿನ ಕೆಳಗೆ ಡಿಎನ್‌ಎಸ್ ಸರ್ವರ್ ಇದೆಯೇ ನೋಡಿ. ಇಟಿಸಿಯ ‘ರಿಸಾಲ್ವ್ ಡಾಟ್ ಕಾನ್ಫ್’ ಫೈಲಿನಲ್ಲಿ 127.0.0.53 ಎಂದು ಕಂಡು ಗಾಬರಿಯಾಗಬೇಡಿ. ಅದು ಯಂತ್ರದ ಒಳಗಿನ ಮಧ್ಯವರ್ತಿ, ಸರಿಯಾಗೇ ಇದೆ. ಆ ಫೈಲನ್ನು ಕೈಯಾರೆ ತಿದ್ದಿದರೆ ಮತ್ತೆ ಅಳಿಸಿಹೋಗುತ್ತದೆ. ತಿದ್ದಬೇಕಾದದ್ದು ನೆಟ್‌ಪ್ಲಾನ್‌ನ ‘ನೇಮ್‌ಸರ್ವರ್ಸ್’ ಸಾಲು.

8. ರೀಬೂಟ್ ಮಾಡಿ ನೋಡಿ

ನೆಟ್ ಬಂತೆಂದು ಎದ್ದು ಹೋಗಬೇಡಿ. ನಿಮ್ಮ ಎದುರಿಗೇ ಒಂದು ಸಲ ರೀಬೂಟ್ ಆಗಲಿ. ತಾತ್ಕಾಲಿಕವಾಗಿ ಕೊಟ್ಟದ್ದು ಯಾವುದು, ಫೈಲಿನಲ್ಲಿ ಬರೆದದ್ದು ಯಾವುದು ಎಂಬುದು ಆಗಲೇ ಗೊತ್ತಾಗುವುದು. ಇಲ್ಲದಿದ್ದರೆ ಮುಂದಿನ ಸಲ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟ ರಾತ್ರಿ ಗೊತ್ತಾಗುತ್ತದೆ.

ಬೂಟ್ ಆಗುವಾಗ ನೆಟ್‌ವರ್ಕ್‌ಗಾಗಿ ಎರಡು ನಿಮಿಷ ನಿಂತೇ ಇದ್ದರೆ, ಫೈಲಿನಲ್ಲಿ ಹೆಸರಿರುವ ಯಾವುದೋ ಕಾರ್ಡಿಗೆ ಕೇಬಲ್ ಇಲ್ಲ ಎಂದರ್ಥ. ಆ ಕಾರ್ಡಿನ ಕೆಳಗೆ ‘ಆಪ್ಶನಲ್’ಗೆ ‘ಟ್ರೂ’ ಎಂದು ಬರೆಯಿರಿ, ಅದಕ್ಕಾಗಿ ಕಾಯುವುದಿಲ್ಲ.

ಸಂಪರ್ಕ ಇದ್ದೂ ಸರಿಯಿಲ್ಲ ಎಂದಾಗ

ಕೆಲವು ವೆಬ್‌ಸೈಟ್ ಮಾತ್ರ ಅರ್ಧಕ್ಕೆ ನಿಲ್ಲುವುದು, ದೊಡ್ಡ ಫೈಲ್ ಹೋಗದಿರುವುದು ಕಂಡರೆ ಎಂಟಿಯು ನೋಡಿ. ಒಂದು ಪ್ಯಾಕೆಟ್ಟಿನಲ್ಲಿ ಎಷ್ಟು ಬೈಟ್ ಹಿಡಿಸುತ್ತದೆ ಎಂಬ ಮಿತಿ ಅದು. ಈಥರ್ನೆಟ್‌ನಲ್ಲಿ 1500. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಓಇ ಫೈಬರ್ ಸಂಪರ್ಕಗಳಲ್ಲಿ 8 ಬೈಟ್ ಅದಕ್ಕೇ ಹೋಗಿ ಸಾಮಾನ್ಯವಾಗಿ 1492 ಉಳಿಯುತ್ತದೆ. ‘ಪಿಂಗ್ ಹೈಫನ್ ಎಂ ಡು ಹೈಫನ್ ಎಸ್ 1464 8.8.8.8’ ಕೊಡಿ, ಎಂ ದೊಡ್ಡಕ್ಷರ. ಇದು ಹೋಗಿ 1472 ಹೋಗದಿದ್ದರೆ ದಾರಿಯ ಮಿತಿ 1492ರ ಆಸುಪಾಸಿನಲ್ಲಿದೆ. ರೂಟರಿನಲ್ಲಿ ಸರಿಪಡಿಸಲು ಆಗದಿದ್ದರೆ ಸರ್ವರಿನ ಕಾರ್ಡಿಗೇ ಎಂಟಿಯು 1492 ಕೊಡಿ.

ನಿಧಾನವಾಗಿದ್ದರೆ ‘ಐಪಿ ಹೈಫನ್ ಎಸ್ ಲಿಂಕ್’ ಕೊಟ್ಟು ‘ಎರರ್ಸ್’ ಕೆಳಗಿನ ಸಂಖ್ಯೆ ನೋಡಿ. ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಏರುತ್ತಲೇ ಇದ್ದರೆ ಮತ್ತೆ ಒಂದನೇ ಹಂತಕ್ಕೆ, ಕೇಬಲ್ಲಿಗೆ. ವೇಗವನ್ನು ಒಂದು ತುದಿಯಲ್ಲಿ ಮಾತ್ರ ಕೈಯಾರೆ 100ಕ್ಕೆ ನಿಲ್ಲಿಸಿದ್ದರೆ ಇನ್ನೊಂದು ತುದಿ ಹಾಫ್ ಡುಪ್ಲೆಕ್ಸ್‌ಗೆ, ಅಂದರೆ ಒಮ್ಮೆಗೆ ಒಬ್ಬರೇ ಮಾತಾಡುವ ಸ್ಥಿತಿಗೆ ಇಳಿಯುತ್ತದೆ. ಎರಡೂ ಕಡೆ ಆಟೋ ಇರಲಿ.

ಸರ್ವರ್ ಹೊರಗೆ ಹೋಗುತ್ತದೆ, ಹೊರಗಿನಿಂದ ಅದರೊಳಗೆ ಬರಲಾಗುತ್ತಿಲ್ಲ ಎಂದರೆ ಕಾರ್ಡಿನ ವಿಷಯ ಮುಗಿದಿದೆ, ಒಳಬರುವುದನ್ನು ತಡೆಯುವ ಫೈರ್‌ವಾಲ್ ನೋಡಿ. ಉಬುಂಟುವಿನಲ್ಲಿ ‘ಯುಎಫ್‌ಡಬ್ಲ್ಯೂ ಸ್ಟೇಟಸ್’, ರೆಡ್‌ಹ್ಯಾಟ್ ಬಳಗದಲ್ಲಿ ‘ಫೈರ್‌ವಾಲ್ ಹೈಫನ್ ಸಿಎಂಡಿ’.

ಇಷ್ಟಾದ ಮೇಲೂ ಬಗೆಹರಿಯದೆ ಯಾರನ್ನಾದರೂ ಕೇಳುವುದಾದರೆ, ಪರದೆಯ ಮಸುಕು ಫೋಟೋ ಕಳಿಸಬೇಡಿ. ‘ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ’, ‘ಐಪಿ ಅಡ್ರ್’, ‘ಐಪಿ ರೂಟ್’, ‘ಈಥ್‌ಟೂಲ್’ ಮತ್ತು ಕರ್ನಲ್ಲಿನ ಜರ್ನಲ್, ಈ ಐದರ ಉತ್ತರಗಳನ್ನು ಒಂದು ಪಠ್ಯ ಫೈಲಿಗೆ ತುಂಬಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಜೊತೆಗೆ ನಿಮ್ಮ ಕಾನ್ಫಿಗರೇಶನ್ ಫೈಲೂ ಇರಲಿ, ಅದರಲ್ಲಿ ಪಾಸ್‌ವರ್ಡ್ ಏನಾದರೂ ಇದ್ದರೆ ಅಳಿಸಿ. ಕೊನೆಯ ಸಲ ಸರಿಯಿದ್ದದ್ದು ಯಾವಾಗ, ಆಮೇಲೆ ಏನೇನು ಬದಲಾಯಿತು ಎಂಬ ಎರಡು ಸಾಲನ್ನು ಮೇಲೆಯೇ ಬರೆಯಿರಿ. ಡಿಸ್ಕ್ ಹಾಕಿದ್ದು, ಮೇಜು ಸರಿಸಿದ್ದು, ಗುಡುಗು ಬಂದದ್ದು, ಯಾವುದನ್ನೂ ಬಿಡಬೇಡಿ.